ದುಃಶ್ರುತಿ ಯಾವುದು? ಹೋಮರನೂ ಜಟಾಸಿಂಹನಂದಿಯೂ

ಹೋಮರನ ಕಾವ್ಯಗಳಲ್ಲಿ ರಕ್ತಪಾತವಿದೆ, ಪ್ರಾಣಿಬಲಿಯಿದೆ, ಮಾಂಸದೂಟವಿದೆ. ಆದುದರಿಂದ ಅವು ಶ್ರಾವಕರ ಮನೆಗೆ ಸಲ್ಲವೆಂಬ ವಾದವೊಂದುಂಟು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಜೈನ ಮನೆಯೊಂದರಲ್ಲಿ ಕಾಲೇಜಿಗೆ ಹೋಗುವ ಮಗಳು ‘ಒಡಿಸ್ಸಿ’ಯನ್ನು ಕೈಗೆತ್ತಿಕೊಂಡರೆ ಹಿರಿಯರ ಬಾಯಿಂದ ಮೊದಲು ಹೊರಡುವುದು ಈ ಮಾತೇ. ಇದಕ್ಕೆ ಶಾಸ್ತ್ರಾಧಾರವಿಲ್ಲವೆಂದಲ್ಲ. ಐದು ಅನರ್ಥದಂಡಗಳಲ್ಲಿ ದುಃಶ್ರುತಿಯೂ ಒಂದು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದೇನು? ರಾಗ, ದ್ವೇಷ, ಮದ ಮೊದಲಾದವುಗಳಿಂದ ಚಿತ್ತವನ್ನು ಕಲುಷಿತಗೊಳಿಸುವ ಗ್ರಂಥಗಳ ಶ್ರವಣವೇ ದುಃಶ್ರುತಿ. ಕಥೆಯಲ್ಲಿ ಕತ್ತಿ ಇದೆಯೇ ಎಂಬುದಲ್ಲ, ಕಥೆ ಮುಗಿದಾಗ ಕೇಳಿದವನ ಚಿತ್ತ ಹೇಗಿದೆ ಎಂಬುದೇ ಅವರ ಒರೆಗಲ್ಲು.

ಆ ಒರೆಗಲ್ಲಿಗೆ ಹೋಮರನನ್ನು ಹಚ್ಚಿ ನೋಡಬೇಕು. ‘ಒಡಿಸ್ಸಿ’ಯ ಎಂಟನೆಯ ಸರ್ಗದಲ್ಲಿ ಪರದೇಶದ ಅರಸನ ಸಭೆಯೊಳಗೆ ಗಾಯಕನೊಬ್ಬ ಟ್ರಾಯ್ ನಗರದ ಪತನವನ್ನು ಹಾಡುತ್ತಾನೆ. ಆ ನಗರವನ್ನು ಕೆಡವಿದ ಒಡಿಸ್ಸಿಯಸ್ ಗುರುತು ಮರೆಸಿಕೊಂಡು ಅಲ್ಲಿಯೇ ಕುಳಿತಿದ್ದಾನೆ. ತನ್ನ ವಿಜಯಗಾನವನ್ನು ಕೇಳಿ ಅವನು ಬೀಗುವುದಿಲ್ಲ, ಅಳುತ್ತಾನೆ. ಅವನ ಅಳುವಿಗೆ ಕವಿ ಕೊಡುವ ಉಪಮೆಯನ್ನು ಗಮನಿಸಬೇಕು: ಊರನ್ನು ಕಾಯುತ್ತ ಮಡಿದ ಗಂಡನ ಮೈಮೇಲೆ ಬಿದ್ದು ಗೋಳಿಡುವ ಹೆಂಗಸು, ಬೆನ್ನಿಗೆ ಈಟಿಯಿಂದ ತಿವಿದು ಅವಳನ್ನು ದಾಸ್ಯಕ್ಕೆ ಎಳೆದೊಯ್ಯುವ ಶತ್ರುಗಳು. ಗೆದ್ದವನ ಕಣ್ಣೀರನ್ನು ಸೋತವಳ ಕಣ್ಣೀರಿಗೆ ಹೋಲಿಸಿದ ಈ ಕವಿತೆಯಿಂದ ಯಾರ ಚಿತ್ತ ಕಲುಷಿತವಾದೀತು?

ಮಾನಕಷಾಯವನ್ನು ಅರಿಯಬೇಕಾದರೂ ಒಂಬತ್ತನೆಯ ಸರ್ಗವನ್ನು ಓದಬಹುದು. ನರಭಕ್ಷಕ ಪಾಲಿಫೀಮಸನ ಗವಿಯಲ್ಲಿ ಒಡಿಸ್ಸಿಯಸ್ ತನ್ನ ಹೆಸರು ‘ಯಾರೂ ಅಲ್ಲ’ ಎಂದು ಹೇಳಿ ಬದುಕಿಕೊಂಡನು. ಆದರೆ ಹಡಗು ದಡ ಬಿಟ್ಟೊಡನೆ ಅವನಿಗೆ ತಡೆಯಲಾಗಲಿಲ್ಲ. ಗೆದ್ದವನು ತಾನೇ ಎಂದು ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಕೂಗಿ ಹೇಳಿದನು. ಶಾಪ ತಗುಲಿದ್ದು ಆ ಹೆಸರಿಗೆ. ಇಥಾಕಾ ಮುಟ್ಟಿದಾಗ ಜೊತೆಗಾರರಲ್ಲಿ ಒಬ್ಬನೂ ಉಳಿದಿರಲಿಲ್ಲ.

ಹೋಮರನನ್ನು ದೂರವಿಡುವವರು ತಮ್ಮ ಮನೆಯ ಕಾವ್ಯವನ್ನಾದರೂ ಓದಿದ್ದಾರೆಯೇ? ಕೊಪ್ಪಳದ ಪಲ್ಕಿಗುಂಡಿನಲ್ಲಿ ಅಶೋಕನ ಶಾಸನವನ್ನು ನೋಡಹೋದವರು ಅಲ್ಲಿಯೇ ಬಂಡೆಯಲ್ಲಿ ಕೆತ್ತಿದ ಎರಡು ಪಾದಗಳನ್ನು ಕಂಡಿರುತ್ತಾರೆ. ಅವು ಜಟಾಸಿಂಹನಂದಿ ಆಚಾರ್ಯರ ಪಾದಗಳೆಂದೂ ಅವನ್ನು ಮಾಡಿಸಿದವನು ಚಾವಯ್ಯನೆಂದೂ ಹಳಗನ್ನಡದ ಶಾಸನ ಹೇಳುತ್ತದೆ. ಆ ಪಾದಗಳಿಗೆ ನಮಸ್ಕರಿಸುವವರಲ್ಲಿ ಅವರ ಸಂಸ್ಕೃತ ಕಾವ್ಯ ‘ವರಾಂಗಚರಿತ’ವನ್ನು ತೆರೆದವರೆಷ್ಟು ಮಂದಿ? ಕ್ರಿ.ಶ. 783ರ ಹರಿವಂಶಪುರಾಣದಲ್ಲಿ ಜಿನಸೇನರು ಹೊಗಳಿದ, ಸದಲಗಾದ ಆ. ನೇ. ಉಪಾಧ್ಯೆಯವರು 1938ರಲ್ಲಿ ಸಂಪಾದಿಸಿ ಬೆಳಕಿಗೆ ತಂದ ಕಾವ್ಯವದು.

ಅದರ ಕಥೆಯೂ ಮನೆ ತಪ್ಪಿದವನ ಕಥೆಯೇ. ಮಲತಾಯಿ ಮತ್ತು ಮಂತ್ರಿಯ ಸಂಚಿನಿಂದ, ಕುಟಿಲವಾಗಿ ಪಳಗಿಸಿದ ಕುದುರೆಯೊಂದು ಯುವರಾಜ ವರಾಂಗನನ್ನು ಕಾಡಿಗೆ ಹೊತ್ತೊಯ್ಯುತ್ತದೆ. ಅವನು ವ್ಯಾಪಾರಿಗಳ ಗುಂಪನ್ನು ಸೇರಿ ಪುಳಿಂದರೊಡನೆ ಕಾದುತ್ತಾನೆ. ಲಲಿತಪುರದಲ್ಲಿ ವರ್ತಕನ ಮನೆಯಲ್ಲಿ ‘ಕಶ್ಚಿದ್ಭಟ’, ಅಂದರೆ ‘ಯಾರೋ ಒಬ್ಬ ಭಟ’ ಎಂಬ ಹೆಸರಿನಲ್ಲಿ ಬಾಳುತ್ತಾನೆ. ಅಲ್ಲಿ ‘ಯಾರೂ ಅಲ್ಲ’, ಇಲ್ಲಿ ‘ಯಾರೋ ಒಬ್ಬ’! ಒಬ್ಬನಿಗೆ ಹೆಸರಿಲ್ಲದೆ ಇರುವುದು ಒಂದು ರಾತ್ರಿಯ ಉಪಾಯ, ಸಹಿಸಲಾಗದ ಹೊರೆ. ಇನ್ನೊಬ್ಬನು ಅದರಲ್ಲಿಯೇ ನೆಮ್ಮದಿಯಾಗಿ ದಿನ ಕಳೆದನು. ಮನೆಗೆ ಮರಳಿದ ಒಡಿಸ್ಸಿಯಸ್ 108 ಮಂದಿ ವರಾರ್ಥಿಗಳನ್ನು ಕೊಂದನು; 12 ಮಂದಿ ದಾಸಿಯರನ್ನು ನೇಣಿಗೇರಿಸಲಾಯಿತು; ಸತ್ತವರ ಬಂಧುಗಳು ಆಯುಧ ಹಿಡಿದು ಬಂದಾಗ ವೈರದ ಸರಪಣಿಯನ್ನು ಕಡಿಯಲು ದೇವತೆಯೇ ಬರಬೇಕಾಯಿತು. ವರಾಂಗನು ಶತ್ರುಗಳಿಂದ ತಂದೆಯ ರಾಜ್ಯವನ್ನು ಉಳಿಸಿ, ಸಂಚು ಹೂಡಿದವರನ್ನು ಕ್ಷಮಿಸಿ, ಹೊಸ ನೆಲವನ್ನು ಅರಸಿ ಆನರ್ತಪುರವನ್ನು ಕಟ್ಟಿಸಿದನು; ಕಡೆಗೆ ಅದನ್ನೂ ಬಿಟ್ಟು ದೀಕ್ಷೆ ಹಿಡಿದನು. ಒಡಿಸ್ಸಿಯಸನ ಮನೆಯಂಗಳದ ರಕ್ತವನ್ನು ಕಂಡವನಿಗೆ ಈ ಕ್ಷಮೆಯ ಬೆಲೆ ತಿಳಿದಷ್ಟು, ಕ್ಷಮೆಯ ಮೇಲಿನ ನೂರು ಉಪನ್ಯಾಸಗಳನ್ನು ಕೇಳಿದವನಿಗೆ ತಿಳಿಯದು.

ಹಾಗೆಂದು ‘ನಮ್ಮದೇ ಮೇಲು, ಗ್ರೀಕರದು ಬೇಡ’ ಎನ್ನುವವರ ಪಕ್ಷವೂ ನಿಲ್ಲುವುದಿಲ್ಲ. ವರಾಂಗಚರಿತದಲ್ಲಿಯೂ ಯುದ್ಧಗಳಿವೆ, ರಕ್ತಕ್ಕೆ ಹೆದರುವವರು ಅದನ್ನೂ, ಪಂಪ ರನ್ನರನ್ನೂ ಮುಚ್ಚಿಡಬೇಕಾದೀತು. ಕಲೆಯ ಮಾತಿಗೆ ಬಂದರೆ, ನಾಲ್ಕನೆಯ ಸರ್ಗದಿಂದ ಹತ್ತನೆಯದರವರೆಗೆ ಆಚಾರ್ಯರು ಕಥೆಯನ್ನು ನಿಲ್ಲಿಸಿ ಕರ್ಮ, ನರಕ, ಸ್ವರ್ಗ, ಮೋಕ್ಷಗಳನ್ನು ಬೋಧಿಸುತ್ತಾರೆ. ಕಥೆಯ ಓಟದಲ್ಲಿ ಹೋಮರನೇ ಮುಂದೆ.

ದೇವಾಲಯಗಳ ಟ್ರಸ್ಟುಗಳಿಗೂ ಇಲ್ಲಿ ಒಂದು ಮಾತು ಸಲ್ಲುತ್ತದೆ. ಗೃಹಸ್ಥನ ಷಟ್ಕರ್ಮಗಳಲ್ಲಿ ದೇವಪೂಜೆಯಂತೆ ಸ್ವಾಧ್ಯಾಯವೂ ಒಂದು. ಅಮೃತಶಿಲೆಗೆ ಹಣವಿದೆ, ಪುಸ್ತಕದ ಕಪಾಟಿಗಿಲ್ಲ ಎಂಬ ಲೆಕ್ಕ ಎಲ್ಲಿಯದು? ರನ್ನನು 993ರ ಅಜಿತಪುರಾಣದಲ್ಲಿ ಅತ್ತಿಮಬ್ಬೆಯ ಪಾವಿತ್ರ್ಯವನ್ನು ಇದೇ ಕೊಪಣಾಚಲಕ್ಕೆ ಹೋಲಿಸಿದನು. ಆ ತಾಯಿ ಮಾಡಿಸಿದ 1,500 ಜಿನಬಿಂಬಗಳನ್ನು ನೆನೆಯುವವರು, ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಅವಳು ಓಲೆಯ ಮೇಲೆ ಬರೆಸಿ ಹಂಚಿದ್ದನ್ನು ಮರೆಯುತ್ತಾರೆ. ಚಾತುರ್ಮಾಸದ ಸಂಜೆಗಳು ಬೇಕಾದಷ್ಟಿವೆ. ವರಾಂಗಚರಿತಕ್ಕೆ 31 ಸರ್ಗಗಳು, ಒಡಿಸ್ಸಿಗೆ 24. ಬಸದಿಯ ಸಭಾಭವನದಲ್ಲಿ ಒಂದು ಸಂಜೆ ಅದನ್ನೂ ಒಂದು ಸಂಜೆ ಇದನ್ನೂ ಕನ್ನಡದಲ್ಲಿ ವಿವರಿಸಿ ಓದಿಸಿದರೂ, ಮಳೆಗಾಲ ಮುಗಿಯುವ ಮುನ್ನ ಎರಡೂ ಮುಗಿಯುತ್ತವೆ.