ರೂಢಿ ಮತ್ತು ಅರಿವು

ನಮ್ಮ ದಿನನಿತ್ಯದ ಕೆಲಸಗಳಲ್ಲಿ ಬಹುಪಾಲು ರೂಢಿಯ ಬಲದಿಂದ ನಡೆಯತಕ್ಕವು. ಕತ್ತಲೆಯಲ್ಲಿಯೂ ನಮ್ಮ ಮನೆಯ ಬಾಗಿಲಿನ ಅಗುಳಿಯನ್ನು ಕೈ ತಾನಾಗಿಯೇ ಕಂಡುಕೊಳ್ಳುತ್ತದೆ. ನೆಂಟರ ಮನೆಯಲ್ಲಿ ಹಾಡಹಗಲೇ ತಡವರಿಸುತ್ತದೆ. ರೂಢಿಯು ಒಳ್ಳೆಯ ಸೇವಕ. ಆದರೆ ಅದನ್ನೇ ಅರಿವೆಂದು ಭ್ರಮಿಸಿದವನು ವ್ಯವಸ್ಥೆ ಬದಲಾದ ದಿನ ಕಂಗೆಡುತ್ತಾನೆ.

ಗಣಕಯಂತ್ರವನ್ನು ನಡೆಸುವುದು ಅದರ ಕಾರ್ಯಾಚರಣಾ ವ್ಯವಸ್ಥೆ. ಕೀಲಿಮಣೆಯ ಒತ್ತನ್ನು ಗ್ರಹಿಸುವುದು, ಬರೆದುದನ್ನು ಕಡತವಾಗಿ ಕಾಪಾಡುವುದು, ಮುದ್ರಣಯಂತ್ರಕ್ಕೆ ಅಪ್ಪಣೆ ಕೊಡುವುದು ಇವೆಲ್ಲ ಅದರ ಹೊಣೆ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ವಿಂಡೋಸ್ 10 ಎಂಬ ವ್ಯವಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಅದರ ಮುಂದಿನ ಆವೃತ್ತಿಯು ಅನೇಕ ಹಳೆಯ ಯಂತ್ರಗಳಿಗೆ ಒಗ್ಗುವುದಿಲ್ಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಂತಹ ಊರುಗಳಲ್ಲಿ ಒಮ್ಮೆ ಕೊಂಡ ಯಂತ್ರವನ್ನು ಬಹುಕಾಲ ಬಾಳಿಸಬೇಕೆಂಬುದೇ ಎಲ್ಲರ ಬಯಕೆ. ಅಂಥವರು ಯಂತ್ರವನ್ನೇ ಎಸೆಯಬೇಕೇ, ಅಥವಾ ಲಿನಕ್ಸ್‌ನಂತಹ ಮುಕ್ತ ವ್ಯವಸ್ಥೆಯನ್ನು ಅಳವಡಿಸಿಕೊಂಡು ಹೊಸದಾಗಿ ಕಲಿಯಬೇಕೇ? ಕಲಿಯುವುದೇ ಲೇಸೆಂದು ನನ್ನ ಅಭಿಪ್ರಾಯ.

ಬದಲಾವಣೆ ಈ ಸೀಮೆಗೆ ಹೊಸದಲ್ಲ. 1957ರ ಏಪ್ರಿಲ್ 1ರಂದು ರೂಪಾಯಿಯ ಹದಿನಾರು ಆಣೆಗಳು ಹೋಗಿ ನೂರು ನಯೇ ಪೈಸೆಗಳು ಬಂದವು. ಆಣೆ ಹೋಯಿತು, ಲೆಕ್ಕ ಹೋಗಲಿಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ 177 ತಾಲೂಕುಗಳಿಗೆ ಹರಡಿತು. ಕೈಬರಹದ ಪಹಣಿಯ ಸ್ಥಾನಕ್ಕೆ ಗಣಕದ ಪಹಣಿ ಬಂದಿತು. ಕಾಗದದ ರೂಪ ಬದಲಾಯಿತೇ ಹೊರತು, ತನ್ನ ಹೊಲದ ಸರ್ವೆ ನಂಬರನ್ನೂ ಚಕ್ಕುಬಂದಿಯನ್ನೂ ಬಲ್ಲ ರೈತನ ತಿಳಿವಳಿಕೆ ವ್ಯರ್ಥವಾಗಲಿಲ್ಲ.

ನಾನು ಲಿನಕ್ಸಿಗೆ ಬದಲಾದಾಗ ಮೊದಲ ವಾರ ಬೇಸರದಲ್ಲಿಯೇ ಕಳೆಯಿತು. ‘ಸಿ’, ‘ಡಿ’ ಎಂಬ ಪರಿಚಿತ ವಿಭಾಗಗಳು ಅಲ್ಲಿರಲಿಲ್ಲ. ಕಡತಗಳೆಲ್ಲ ಒಂದೇ ಬೇರಿನಿಂದ ಕವಲೊಡೆದ ಮರದಂತೆ ಇದ್ದವು. ಹೊಸ ವ್ಯವಸ್ಥೆಯನ್ನು ದೂರುತ್ತಿದ್ದವನಿಗೆ, ತಾನು ಇದುವರೆಗೆ ಕಲಿತಿದ್ದುದು ಗುಂಡಿಗಳ ಜಾಗವನ್ನೇ ಹೊರತು ಕೆಲಸದ ಮರ್ಮವನ್ನಲ್ಲ ಎಂಬುದು ಮೆಲ್ಲಮೆಲ್ಲನೆ ಹೊಳೆಯಿತು. ಸಂತೋಷದ ಸಂಗತಿಯೆಂದರೆ, ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸ ಅಲ್ಲಿಯೂ ಇದ್ದಿತು. ಬೆರಳುಗಳು ಕನ್ನಡವನ್ನು ಮರೆಯಬೇಕಾಗಲಿಲ್ಲ.

ನಿಜವಾದ ಪೆಟ್ಟು ಬೇರೆ ಕಡೆಯಿಂದ ಬಂದಿತು. ಹಲವು ವರ್ಷಗಳ ಹಿಂದೆ ಬೆರಳಚ್ಚಿಸಿದ್ದ ಕಾಗದಪತ್ರಗಳನ್ನು ತೆರೆದಾಗ, ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡಿತು. ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರವನ್ನು ತೊಡಿಸಲಾಗಿತ್ತು. ಆ ಉಡುಪು ಇಲ್ಲದೆಡೆ ಬರಹ ಗುರುತು ಸಿಗದಾಯಿತು. ಯೂನಿಕೋಡ್ ಪದ್ಧತಿಯಾದರೋ ಕನ್ನಡದ ವರ್ಣಗಳಿಗೂ ಚಿಹ್ನೆಗಳಿಗೂ ಅವುಗಳದೇ ಸಂಖ್ಯೆಯನ್ನು ಗೊತ್ತುಪಡಿಸಿದೆ. ಪರಿವರ್ತಕದ ಸಹಾಯದಿಂದ ನನ್ನ ಕಾಗದಗಳು ಮರಳಿ ಬಂದವು. ಆದರೆ ಒಂದೇ ವ್ಯವಸ್ಥೆಯನ್ನು ನಂಬಿ ಇರಿಸಿದ ಎಷ್ಟು ಕಡತಗಳು ಹೀಗೆ ಓದುವವರಿಲ್ಲದೆ ಉಳಿದಿರಬಹುದು! ಕಳೆದುಹೋಗುವುದು ಯಂತ್ರವಲ್ಲ, ನಮ್ಮ ಮಾತು.

ಎಲ್ಲರೂ ಈ ದಿನವೇ ಬದಲಾಗಬೇಕೆಂದು ನಾನು ಹೇಳುವುದಿಲ್ಲ. ಕಚೇರಿಗೆ ಬೇಕಾದ ತಂತ್ರಾಂಶವು ಒಂದೇ ವ್ಯವಸ್ಥೆಯಲ್ಲಿ ನಡೆಯುವಂತಿದ್ದರೆ ಆತುರ ಸಲ್ಲದು. ಆದರೆ ಕಷ್ಟವೆಂಬ ಒಂದೇ ನೆಪದಿಂದ ಹಿಂಜರಿಯುವುದೂ ಸರಿಯಲ್ಲ. ಕೇರಳದ ಶಾಲೆಗಳು ಮುಕ್ತ ವ್ಯವಸ್ಥೆಯನ್ನೇ ಅಳವಡಿಸಿಕೊಂಡಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲಿಯೇ ಗಣಕಪಾಠವನ್ನು ಕಲಿಯುತ್ತಾರೆ. ಅವರಿಗೆ ಸಾಧ್ಯವಾದುದು ನಮಗೇಕೆ ಅಸಾಧ್ಯ?

ಸವಣೂರಿನಲ್ಲಿ ಭಾರಿ ಮರಗಳಿವೆ. ಅವುಗಳ ಮೂಲ ಆಫ್ರಿಕಾ ಖಂಡ. ಆದರೂ ಊರಿನವರು ‘ದೊಡ್ಡ ಹುಣಸೆ’ ಎಂಬ ಪರಿಚಿತ ಹೆಸರನ್ನೇ ಇಟ್ಟು ಅವುಗಳನ್ನು ತಮ್ಮದಾಗಿಸಿಕೊಂಡರು. ಹೊಸದನ್ನು ಮೊದಲು ಹಳೆಯ ಹೆಸರಿನಿಂದ ಕರೆಯುವುದು ಸಹಜ. ಅನಂತರ ಅದರ ಗುಣವನ್ನು ಅರಿಯುವುದು ವಿವೇಕ. ವಿದ್ಯಾರ್ಥಿಗಳೇ, ನೀವು ಇಂದು ಕಲಿಯುವ ವ್ಯವಸ್ಥೆಯೂ ಒಂದು ದಿನ ಹಳೆಯದಾಗುವುದು. ಗುಂಡಿ ಎಲ್ಲಿದೆಯೆಂಬುದರ ಜೊತೆಗೆ ಅದು ಮಾಡುವ ಕೆಲಸವೇನೆಂಬುದನ್ನೂ ಕೇಳಿ ತಿಳಿಯಿರಿ. ರೂಢಿ ಕೈಬಿಟ್ಟಾಗ ಕೈಹಿಡಿಯುವುದು ಅರಿವೊಂದೇ.