ಮೆದುಳಿಗೇಕೆ ಮಡಿ?

‘ಶಾಸ್ತ್ರೀಯ ಸಂಗೀತವೊಂದೇ ಮೆದುಳಿಗೆ ಪಥ್ಯ, ಸಿನಿಮಾ ಹಾಡು ಬರೀ ಗದ್ದಲ’ ಎಂದು ಕಳೆದ ವಾರದ ಲೇಖನ ಅಪ್ಪಣೆ ಕೊಡಿಸಿದೆ. ಆಧಾರ, 1993ರ ಮೊಜಾರ್ಟ್ ಪ್ರಯೋಗವಂತೆ. ಅದರಲ್ಲಿ ಕಂಡದ್ದು ಮೊಜಾರ್ಟ್ ಸಂಗೀತ ಕೇಳಿದ ಕಾಲೇಜು ವಿದ್ಯಾರ್ಥಿಗಳಲ್ಲಿ ಹತ್ತು-ಹದಿನೈದು ನಿಮಿಷದ ಚುರುಕು, ಅಷ್ಟೆ. 1999ರಲ್ಲಿ ಕೆನಡಾದ ಸಂಶೋಧಕರು ಮೊಜಾರ್ಟ್ ಎದುರು ಸ್ಟೀಫನ್ ಕಿಂಗ್ ಕಥೆಯನ್ನಿಟ್ಟರು. ಕಥೆ ಮೆಚ್ಚಿದವರು ಕಥೆ ಕೇಳಿಯೇ ಪರೀಕ್ಷೆಯಲ್ಲಿ ಮೇಲುಗೈ ಸಾಧಿಸಿದರು!

2011ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಸಂಗೀತಕ್ಕೆ ಮೈ ಜುಮ್ಮೆನ್ನುವವರ ಮೆದುಳನ್ನು ಸ್ಕ್ಯಾನ್ ಮಾಡಿದಾಗ, ಸಂಗೀತ ಆರಿಸಿ ತಂದವರು ಆ ಕೇಳುಗರೇ. ಮೆಚ್ಚಿನ ತಿರುವು ‘ಇನ್ನೇನು ಬಂತು’ ಎನ್ನುವಾಗಲೇ ಮೆದುಳಿನ ಒಂದು ಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚುತ್ತದೆ, ಬಂದಾಗ ಇನ್ನೊಂದರಲ್ಲಿ. ಆ ಕಾತರ ಹುಟ್ಟುವುದು ಕೇಳಿ ಕೇಳಿ ಆದ ಬಳಕೆಯಿಂದ. ತೋಡಿ ರಾಗ ಕೇಳಿ ಬೆಳೆದವರಿಗೆ ತೋಡಿ, ಸಿನಿಮಾ ಗಾಯಕ ಪಿ.ಬಿ. ಶ್ರೀನಿವಾಸ್ ಕೇಳಿ ಬೆಳೆದವರಿಗೆ ಪಿ.ಬಿ.ಎಸ್. ಮಕ್ಕಳ ಇಯರ್‌ಫೋನ್ ಕಿತ್ತುಕೊಳ್ಳಿ ಎನ್ನುವ ಮುನ್ನ ಲೇಖಕರು ಇವನ್ನೂ ಒಮ್ಮೆ ಓದಬಹುದಿತ್ತು.