ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ಈ ಐದು ತಾಲ್ಲೂಕುಗಳ ಕಾಲೇಜು ತರುಣರೊಡನೆ ಕಾಲ್ಚೆಂಡಾಟದ ಮಾತು ತೆಗೆದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆಯೊಂದುಂಟು: “ಮತ್ತೆ ಬಹಿಷ್ಕಾರ ಹಾಕಿದರೆ ಆಟದ ಗತಿ ಏನು, ಸಾರ್?” ಬೆಂಗಳೂರು ತಂಡದ ಪಂದ್ಯಗಳನ್ನು ಮೊಬೈಲಿನ ಪುಟ್ಟ ತೆರೆಯ ಮೇಲೆ ನೋಡಿ ಸುನಿಲ್ ಛೇತ್ರಿಯನ್ನು ಮೆಚ್ಚಿಕೊಂಡವರು ಇವರು. ಇವರ ಆತಂಕವನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವಂತಿಲ್ಲ, ಅದಕ್ಕೆ ಕಾರಣವುಂಟು.

2022ರ ಆಗಸ್ಟ್ 15ರಂದು, ನಾಡು ಸ್ವಾತಂತ್ರ್ಯದ ಅಮೃತ ಮಹೋತ್ಸವವನ್ನು ಆಚರಿಸುತ್ತಿದ್ದ ದಿನವೇ, ವಿಶ್ವ ಕಾಲ್ಚೆಂಡಾಟದ ಆಡಳಿತ ಸಂಸ್ಥೆಯಾದ ಫಿಫಾ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವನ್ನು ಅಮಾನತುಗೊಳಿಸಿತು. 1937ರಲ್ಲಿ ಹುಟ್ಟಿದ ಒಕ್ಕೂಟಕ್ಕೆ ಇಂಥ ದಂಡನೆ ಅದೇ ಮೊದಲು. ಅಧ್ಯಕ್ಷ ಪ್ರಫುಲ್ ಪಟೇಲರ ಅವಧಿ 2020ರ ಡಿಸೆಂಬರಿನಲ್ಲಿಯೇ ಮುಗಿದಿದ್ದರೂ ಚುನಾವಣೆ ನಡೆದಿರಲಿಲ್ಲ. ಆದಕಾರಣ 2022ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮೂವರು ಆಡಳಿತಗಾರರನ್ನು ನೇಮಿಸಿತು. ಇದನ್ನು ಫಿಫಾ ಹೊರಗಿನವರ ಅನುಚಿತ ಪ್ರಭಾವವೆಂದು ಕರೆಯಿತು. ನ್ಯಾಯಾಲಯ ಆ ಸಮಿತಿಯನ್ನು ವಿಸರ್ಜಿಸಿದ ಬಳಿಕ, ಆಗಸ್ಟ್ 26ರಂದು, ಅಮಾನತು ತೆರವಾಯಿತು.

ಮೈಲಾರದ ಕಾರಣಿಕದ ಒಂದೇ ಸಾಲಿಗೆ ವರ್ಷವಿಡೀ ಅರ್ಥ ಹುಡುಕುವುದು ನಮ್ಮ ಸೀಮೆಯ ಜನಕ್ಕೆ ವಾಡಿಕೆ. ಜ್ಯೂರಿಕ್ ನಗರದಿಂದ ಬಂದ ಈ ಸಾಲಿನ ಅರ್ಥವಾದರೋ ಅಷ್ಟು ಗೂಢವಾದುದಲ್ಲ: ಆಟದ ಸಂಸ್ಥೆಯನ್ನು ಅದರ ಸದಸ್ಯರೇ ಆಳಬೇಕು, ಸರಕಾರವಾಗಲಿ ಪರರಾಗಲಿ ಕೈಹಾಕಬಾರದು. ನಿಯಮ ತಾನಾಗಿ ಕೆಟ್ಟದ್ದಲ್ಲ. ಅದಿಲ್ಲದಿದ್ದರೆ ಅಧಿಕಾರಕ್ಕೆ ಬಂದ ಪ್ರತಿಯೊಂದು ಪಕ್ಷವೂ ತಂಡದ ಆಯ್ಕೆಗೂ ಕೈ ಚಾಚೀತು. ಆದರೆ ಅದರ ದಂಡ ಬೀಳುವುದು ಯಾರ ಬೆನ್ನಿನ ಮೇಲೆ? ಕುವೈತ್ ದೇಶ 2015ರ ಅಕ್ಟೋಬರಿನಿಂದ 2017ರ ಡಿಸೆಂಬರಿನವರೆಗೆ ಹೊರಗುಳಿಯಿತು. ಆಟಗಾರರ ಜೀವಿತದಲ್ಲಿ ಎರಡು ವರ್ಷವೆಂದರೆ ಅಲ್ಪ ಕಾಲವಲ್ಲ.

ನಮ್ಮಲ್ಲಿ ಹನ್ನೊಂದೇ ದಿನ. ಆದರೂ, ಏಷ್ಯಾದ ಮಹಿಳಾ ಕ್ಲಬ್ ಪಂದ್ಯಾವಳಿಗೆಂದು ತಾಷ್ಕೆಂಟ್ ತಲುಪಿದ್ದ ಗೋಕುಲಂ ಕೇರಳ ತಂಡದ ಹೆಣ್ಣುಮಕ್ಕಳು ಚೆಂಡನ್ನು ಮುಟ್ಟದೆ ಹಿಂದಿರುಗಬೇಕಾಯಿತು. ಚುನಾವಣೆ ತಡೆದವರು ಅವರೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ಬೇಡ.

ಕಾಲೇಜು ಮೈದಾನದ ಆಟ ಇದರಿಂದ ನಿಲ್ಲುವುದಿಲ್ಲ, ನಿಜ. ವಿಶ್ವವಿದ್ಯಾಲಯಗಳೊಳಗಿನ ಪಂದ್ಯಗಳ ಹೊಣೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ್ದು. ಆದರೆ ಏಣಿಯ ಮೇಲಿನ ಮೆಟ್ಟಿಲುಗಳನ್ನು ಕಿತ್ತಮೇಲೆ ಕೆಳಗಿನ ಮೆಟ್ಟಿಲಲ್ಲಿ ನಿಂತವನಿಗೆ ಏರುವ ಉತ್ಸಾಹ ಎಲ್ಲಿಂದ ಬರಬೇಕು? 2023ರ ಮಾರ್ಚ್ 4ರಂದು ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಗೆದ್ದುದು ಸೌದಿ ಅರೇಬಿಯದ ರಿಯಾದಿನಲ್ಲಿ. ಬಹಿಷ್ಕಾರ ಮುಂದುವರಿದಿದ್ದರೆ ಪರದೇಶದ ಆ ಮೈದಾನ ನಮಗೆ ತೆರೆದಿರುತ್ತಿತ್ತೇ ಎಂಬುದನ್ನು ವಾಚಕರೇ ಊಹಿಸಲಿ.

ಇನ್ನು ಸ್ವಾಯತ್ತತೆಯ ವಿಚಾರ. 2022ರ ಸೆಪ್ಟೆಂಬರ್ 2ರಂದು ನಡೆದ ಚುನಾವಣೆಯಲ್ಲಿ ಕಲ್ಯಾಣ್ ಚೌಬೆಯವರಿಗೆ 33 ಮತಗಳು ಬಂದವು. ಭಾರತ ತಂಡದ ನಾಯಕನಾಗಿದ್ದ ಬೈಚುಂಗ್ ಭೂಟಿಯಾರಿಗೆ ಒಂದೇ ಒಂದು. ಚೌಬೆಯವರೂ ಗೋಲುರಕ್ಷಕರಾಗಿದ್ದವರೇ, ಗೆದ್ದವರ ಯೋಗ್ಯತೆ ಇಲ್ಲಿ ನನ್ನ ಪ್ರಶ್ನೆಯಲ್ಲ. ಕೋಟಿ ಜನ ನೋಡುವ ಆಟದ ಭವಿಷ್ಯ 34 ಮತಗಳಲ್ಲಿ ತೀರ್ಮಾನವಾಯಿತು. ನಾಮಾಂಕಿತ ಆಟಗಾರರಿಗೆ ನೇರ ಮತ ನೀಡುವ ಸಲಹೆಯೂ ಆಗ ಬಿದ್ದುಹೋಯಿತು. ಸಂಸ್ಥೆಯ ಸ್ವಾಯತ್ತತೆಯೆಂದರೆ ಪದಾಧಿಕಾರಿಗಳ ಸ್ವಾಯತ್ತತೆ ಮಾತ್ರವೇ? ಹರಪನಹಳ್ಳಿಯ ಜನರನ್ನು ಕೇಳಿ: 1997ರಲ್ಲಿ ದಾವಣಗೆರೆ, 2018ರಲ್ಲಿ ಬಳ್ಳಾರಿ, 2021ರಲ್ಲಿ ವಿಜಯನಗರ ಎಂದು ಅವರ ಜಿಲ್ಲೆ ಬದಲಾಯಿತು. ಗೆರೆ ಎಳೆಯುವವರು ಒಂದು ಕಡೆ, ಕಾಗದಪತ್ರ ಹಿಡಿದು ಅಲೆಯುವವರು ಇನ್ನೊಂದು ಕಡೆ ಎಂಬುದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಭೀತಿ 2022ಕ್ಕೇ ಮುಗಿಯಲಿಲ್ಲ. 2025ರ ಆಗಸ್ಟ್ ಕೊನೆಯಲ್ಲಿ ಫಿಫಾ ಮತ್ತು ಏಷ್ಯಾ ಒಕ್ಕೂಟಗಳು, ಅಕ್ಟೋಬರ್ 30ರೊಳಗೆ ಹೊಸ ಸಂವಿಧಾನವನ್ನು ಅಂಗೀಕರಿಸದಿದ್ದರೆ ಮತ್ತೆ ಅಮಾನತು ತಪ್ಪದೆಂದು ಎಚ್ಚರಿಸಿದವು. ಆ ವೇಳೆಗಾಗಲೇ ಇಂಡಿಯನ್ ಸೂಪರ್ ಲೀಗ್ ಮುಂದೆ ಹೋಗಿತ್ತು. ಬೆಂಗಳೂರು ತಂಡದ ಆಟಗಾರರ ವೇತನವೂ ನಿಂತಿತ್ತು. ಸೆಪ್ಟೆಂಬರ್ 19ರಂದು ಸರ್ವೋಚ್ಚ ನ್ಯಾಯಾಲಯ ಕರಡು ಸಂವಿಧಾನಕ್ಕೆ ಕೆಲವು ತಿದ್ದುಪಡಿಗಳೊಡನೆ ಸಮ್ಮತಿಯಿತ್ತಿತು. ಅದರಲ್ಲಿ ಮಾಜಿ ಆಟಗಾರರಿಗೂ ಮಹಾಸಭೆಯಲ್ಲಿ ಸ್ಥಾನ ದೊರೆತಿದೆ. ಅದೇ ವರ್ಷ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯೂ ವಿವಾದಗಳ ಇತ್ಯರ್ಥಕ್ಕೆ ನ್ಯಾಯಮಂಡಲಿಯೊಂದನ್ನು ವಿಧಿಸಿದೆ. ಇವು ಸ್ವಾಗತಾರ್ಹ. ಆದರೆ ಸಕಾಲದಲ್ಲಿ ಚುನಾವಣೆ ನಡೆಸುವ ಸಂಸ್ಥೆಗೆ ನ್ಯಾಯಾಲಯದ ಹಂಗೂ ಇರದು, ಫಿಫಾದ ಹೆದರಿಕೆಯೂ ಇರದು.

ತರುಣ ಮಿತ್ರರಿಗೆ ನನ್ನದೊಂದು ಬಿನ್ನಹ. ಜ್ಯೂರಿಕ್ಕಿನ ಕದ ನಮಗೆ ಬಹುದೂರ. ಕಾಲೇಜಿನ ಕ್ರೀಡಾ ಸಮಿತಿಯ ಕೋಣೆ ಹತ್ತಿರದಲ್ಲಿಯೇ ಇದೆ. ಪ್ರವೇಶದ ದಿನ ತೆತ್ತ ಕ್ರೀಡಾ ಶುಲ್ಕ ಯಾವ ಚೆಂಡಿಗೆ, ಯಾವ ಬಲೆಗೆ ಖರ್ಚಾಯಿತು? ಸಮಿತಿಯಲ್ಲಿ ಆಡುವ ಹುಡುಗರಿಗೂ ಹುಡುಗಿಯರಿಗೂ ಸ್ಥಾನವುಂಟೇ? ಈ ಎರಡು ಪ್ರಶ್ನೆಗಳನ್ನು ವಿನಯದಿಂದ, ಆದರೆ ಬಿಡದೆ, ವರ್ಷವರ್ಷವೂ ಕೇಳಿರಿ. ಹೀಗೆ ಲೆಕ್ಕ ಕೇಳಿ ಬೆಳೆದವರು ಮುಂದೆ ಜಿಲ್ಲೆಯ ಸಂಸ್ಥೆಗೂ ರಾಜ್ಯದ ಸಂಸ್ಥೆಗೂ ಹೋಗಿ ಕುಳಿತ ದಿನ, ಹೊರಗಿನವರು ಬರೆ ಕಾಯಿಸುವ ಅಗತ್ಯವೇ ಬೀಳದು.